ತೊಡೆಯಿಂದ ಹೊಕ್ಕ ಕೊಳವೆ

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಕೋಲಾರದ ದಿನಪತ್ರಿಕೆಯೊಂದಕ್ಕೆ ನಾನು ಮುಳಬಾಗಿಲಿನಿಂದ ವರದಿ ಕಳಿಸುತ್ತಿದ್ದೆ. ಮೊದಲ ಬಸಿರು ಮೂರನೇ ತಿಂಗಳಲ್ಲೇ ಇಳಿದುಹೋಯಿತು. ಆಸ್ಪತ್ರೆಯಲ್ಲಿ ಕ್ಲೀನ್ ಮಾಡಿಸಿಕೊಂಡು ಬಂದ ಮೇಲೂ ರಕ್ತಸ್ರಾವ ನಿಲ್ಲಲಿಲ್ಲ. ಕೆಲವು ದಿನ ಏನೂ ಇರುತ್ತಿರಲಿಲ್ಲ. ಆಮೇಲೆ ಬಸ್ಸಿಗೆ ಕಾಯುತ್ತ ನಿಂತಲ್ಲೇ ಸೀರೆ ತೊಯ್ದುಹೋಗುತ್ತಿತ್ತು.

ಇನ್ನೊಮ್ಮೆ ಕ್ಲೀನ್ ಮಾಡಬೇಕು, ಅದಕ್ಕೆ ಮೊದಲು ಕೋಲಾರದಲ್ಲಿ ಸ್ಕ್ಯಾನಿಂಗ್ ಮಾಡಿಸಿ ಬಾ ಎಂದರು ಊರಿನ ಡಾಕ್ಟರಮ್ಮ. ಆ ಎಚ್ಚರಿಕೆ ನನ್ನನ್ನು ಉಳಿಸಿತು. ಸ್ಕ್ಯಾನಿಂಗ್ ಡಾಕ್ಟರು ಪರದೆ ತೋರಿಸಿದರು. ಗರ್ಭಕೋಶದ ಗೋಡೆಯಲ್ಲಿ ರಕ್ತನಾಳಗಳು ಸಿಕ್ಕಾದ ರೇಷ್ಮೆನೂಲಿನಂತೆ ಹೆಣೆದುಕೊಂಡಿದ್ದವು.

"ಇಲ್ಲಿ ಮತ್ತೆ ಕೆರೆದರೆ ರಕ್ತ ನಿಲ್ಲಿಸೋಕಾಗಲ್ಲಮ್ಮ," ಎಂದರು.

ಮನೆಯಲ್ಲಿ ಅತ್ತೆ ಆಗಲೇ ತೀರ್ಮಾನಿಸಿದ್ದರು. "ಗರ್ಭಕೋಶ ತೆಗೆಸಿಬಿಡು ಕಣೇ. ನಾನು ತೆಗೆಸಿಲ್ವಾ? ಇವತ್ತಿಗೂ ಬಾವೀಲಿ ನೀರು ಸೇದ್ತೀನಿ."

"ನೀವು ತೆಗೆಸಿದ್ದು ನಿಮ್ಮ ಮಗ ಹುಟ್ಟಿದ ಮೇಲೆ."

"ಅದಕ್ಕೆ ಮುಂಚೆ ತೆಗೆಸಿದ್ರೆ ನಿಂಗೆ ಗಂಡ ಎಲ್ಲಿಂದ ಬರ್ತಿದ್ದ?" ಎಂದು ನಕ್ಕವರು, ತಾವೇ ಆಡಿದ ಮಾತು ಕೇಳಿಸಿಕೊಂಡು, ಕೊಡ ಎತ್ತಿಕೊಂಡು ಬಾವಿಯ ಕಡೆ ನಡೆದರು.

ಸ್ಕ್ಯಾನಿಂಗ್ ಡಾಕ್ಟರು ಕಳಿಸಿಕೊಟ್ಟ ಬೆಂಗಳೂರಿನ ಆಸ್ಪತ್ರೆಯಲ್ಲಿ ನಾನು ಪ್ರಶ್ನೆಗಳನ್ನು ಸಿದ್ಧಮಾಡಿಕೊಂಡೇ ಕುಳಿತೆ. ತೊಡೆಸಂದಿನ ನಾಳದಿಂದ ತೆಳುವಾದ ಕೊಳವೆ ತೂರಿಸಿ, ಗರ್ಭಕೋಶದ ನಾಳದವರೆಗೆ ಒಯ್ದು, ಸಣ್ಣ ಕಣಗಳಿಂದ ಆ ಸಿಕ್ಕನ್ನು ಮುಚ್ಚುತ್ತಾರಂತೆ. ಹೊಟ್ಟೆ ಕೊಯ್ಯುವುದಿಲ್ಲ.

"ಮುಂದೆ ಮಗು ಆಗುತ್ತಾ?"

"ಆಗಬಹುದು. ಬರೆದುಕೊಡು ಅಂದರೆ ಕೊಡಲಾರೆ," ಎಂದರು ಡಾಕ್ಟರು.

ಕೊಚ್ಚಿಕೊಳ್ಳದ ಆ ಉತ್ತರದ ಮೇಲೆ ನನಗೆ ನಂಬಿಕೆ ಬಂತು. ಒಪ್ಪಿದೆ. ಎಚ್ಚರವಾಗಿಯೇ ಮಲಗಿದ್ದೆ. ಪರದೆಯ ಮೇಲೆ ಕಪ್ಪಗೆ ತುಂಬಿಕೊಳ್ಳುತ್ತಿದ್ದ ಗೋಜಲು ಸ್ವಲ್ಪಸ್ವಲ್ಪವಾಗಿ ಮಾಯವಾಯಿತು. ಕಿಬ್ಬೊಟ್ಟೆಯ ನೋವು ಮಾತ್ರ ಅವರು ಹೇಳಿದ್ದಕ್ಕಿಂತ ಜೋರಾಗಿತ್ತು. ಅದು ಇಳಿಯಿತು, ಸ್ರಾವವೂ ನಿಂತಿತು. ಇನ್ನು ಮುಟ್ಟು ಸರಿಯಾಗಿ ಬಂದರೆ ಗರ್ಭಕೋಶ ಉಳಿಯಿತೆಂದೇ ಲೆಕ್ಕ ಎಂದು ಡಾಕ್ಟರು ಹೇಳಿ ಕಳಿಸಿದರು.

ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹೊರಗೆ ಕೂರಬೇಕು. ಮದುವೆಯಾದಾಗಿನಿಂದ ನಾನು ಇದಕ್ಕಾಗಿ ಅತ್ತೆಯೊಡನೆ ಜಗಳವಾಡಿದವಳು. ಎರಡನೇ ತಿಂಗಳ ಒಂದು ಬೆಳಿಗ್ಗೆ ಅಡುಗೆಮನೆಯ ಹೊಸಿಲಾಚೆ ನಿಂತು, ಮುಟ್ಟಾಗಿದ್ದೇನೆ ಎಂದು ಹೇಳಿದೆ.

"ಎಷ್ಟು ಹೋಗ್ತಿದೆ?" ಎಂದರು ಅತ್ತೆ, ಸೌಟು ಹಿಡಿದೇ.

"ಎಲ್ಲರಿಗೂ ಆಗೋಷ್ಟು."

ಇಂಥದ್ದನ್ನು ಗಂಡಸರ ಕಿವಿಗೆ ಬೀಳದಂತೆ ಪಿಸುಗುಟ್ಟುತ್ತಿದ್ದವರು, ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಮಗನಿಗೆ ಕೂಗಿ ಹೇಳಿದರು: "ಲೇ, ನಿನ್ ಹೆಂಡ್ತಿ ಹೊರಗಾದ್ಲು ಕಣೋ!"