ಕೈ ಚಾಚಿದ ಲೆಕ್ಕ

1940ರ ಬೇಸಿಗೆ ರಜೆಯಲ್ಲಿ ಹೊಳೆನರಸೀಪುರದ ನಮ್ಮ ಶಿಶುವಿಹಾರದ ಉಪಾಧ್ಯಾಯಿನಿ ಮದರಾಸಿಗೆ ಹೋಗಿ, ಬೇರೆ ದೇಶಗಳಲ್ಲಿ ಪುಟ್ಟ ಮಕ್ಕಳಿಗೆ ಹೇಗೆ ಕಲಿಸುತ್ತಾರೆಂದು ತಿಳಿದುಕೊಂಡು ಬಂದರು. ಹೋಗುವ ಮುನ್ನ, ದಸರೆಯೊಳಗೆ ಎಲ್ಲ ಮಕ್ಕಳೂ ವರ್ಣಮಾಲೆ ಒಪ್ಪಿಸಬೇಕು ಎನ್ನುತ್ತಿದ್ದರು. ಬಂದ ಮೇಲೆ, ದಸರೆಯೊಳಗೆ ಪ್ರತಿ ಮಗುವೂ ತಾನೇ ನೀರು ಬಗ್ಗಿಸಿಕೊಳ್ಳಬೇಕು ಎಂದರು. ಅಲ್ಲಿ ಅವರು ಏನು ಕಂಡರೋ ಎಂದು ನನಗೆ ಕುತೂಹಲ.

ಸಹಾಯಕಿಯಾದ ನನಗೆ ಹೊಸ ಕೆಲಸ ಸಿಕ್ಕಿತು. ಮಗು ಕೇಳದೆಯೇ ಅವರು ನೆರವಿಗೆ ಕೈ ಚಾಚಿದಾಗಲೆಲ್ಲ ನಾನು ಡೈರಿಯಲ್ಲಿ ಒಂದು ಗೆರೆ ಎಳೆಯಬೇಕು. ಮೊದಲ ದಿನ ಮೂವತ್ತೊಂದು ಗೆರೆ. ಆಮೇಲೆ ಅವರು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಲ್ಲತೊಡಗಿದರು. "ತಡೀರಿ, ಮಗೂನೇ ಮಾಡ್ಲಿ" ಎನ್ನುವುದು ಅವರ ಮಾತಾಯಿತು.

"ಮೇಷ್ಟ್ರಮ್ಮಂಗೆ ಚಳಿ ಕಣವ್ವ, ಅದ್ಕೇ ಕೈ ಆಚೆಗ್ ತೆಗ್ಯಲ್ಲ" ಎಂದು ಆಯಾ ನಗುತ್ತಿದ್ದಳು.

ದಸರೆಗೆ ಮೊದಲು ಇನ್‌ಸ್ಪೆಕ್ಟರು ಬಂದರು. ಮಕ್ಕಳು ಏನೂ ಕಲಿತಿಲ್ಲವೆಂದು ಕಂಡರೆ ಶಿಶುವಿಹಾರವನ್ನೇ ಮುಚ್ಚಿಸುವವರಿದ್ದರು.

"ಅಕ್ಷರ ಬರುತ್ತೇನಮ್ಮಾ ಇವಕ್ಕೆ?"

"ಅರ್ಧ ಮಕ್ಕಳಿಗೆ ಬರುತ್ತೆ ಸಾರ್."

ಅವರು ಹುಬ್ಬು ಗಂಟಿಕ್ಕಿ, ಕುಡಿಯಲು ನೀರು ಕೇಳಿದರು. ನಾಲ್ಕು ವರ್ಷದ ಹುಡುಗಿಯೊಬ್ಬಳು ಲೋಟವನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಚೊಂಬು ಎತ್ತಿದಳು. ಚೊಂಬು ಓಲಾಡಿತು. ಇನ್‌ಸ್ಪೆಕ್ಟರು ಹಿಡಿಯಲು ಕೈ ಚಾಚಿದರು.

"ತಡೀರಿ ಸಾರ್, ಮಗೂನೇ ಮಾಡ್ಲಿ."

ಎಂದರು ಉಪಾಧ್ಯಾಯಿನಿ. ಕೈ ಸೆರಗಿನಲ್ಲೇ ಇತ್ತು. ಹುಡುಗಿ ಲೋಟ ತುಂಬಿಸಿ, ಚೆಲ್ಲಿದ್ದನ್ನು ಬಟ್ಟೆ ತಂದು ಒರೆಸಿ, "ಕುಡೀರಿ" ಎಂದಳು. ಇನ್‌ಸ್ಪೆಕ್ಟರು ಪೂರ್ತಿ ಕುಡಿದು ಎದ್ದರು.

"ಮುಂದಿನ ವರ್ಷ ಬಂದಾಗ ಅಕ್ಷರಾನೂ ನೋಡ್ತೀನಮ್ಮ."

ಆ ದಿನದ ಪುಟದಲ್ಲಿ ಒಂದೇ ಗೆರೆ ಇದೆ. ಅದು ಇನ್‌ಸ್ಪೆಕ್ಟರದು.