ಅಮೀನುದ್ದೀನನಿಗೆ ಬಡಿಸಿದ ಬೇಳೆಕಟ್ಟು

ಅಲ್ಲ ಮಗಳೇ, ಅವನಿಗೆ ಅವತ್ತು ಏನಾಯಿತು ಅಂತ ಕೇಳುತ್ತೀ, ಹೇಳುತ್ತೇನೆ. ಆದರೆ ಮೊದಲು ಅವನು ಎಂಥವನು ಅನ್ನುವುದು ನಿನಗೆ ಗೊತ್ತಾಗಬೇಕು, ಇಲ್ಲದಿದ್ದರೆ ಬರೀ ಕಾಯಿಲೆಯ ಮಾತಾಗುತ್ತದೆ. ನೀನು ಶಹಾಪುರದ ಈ ಓಣಿಗೆ ಬಂದು ಎರಡು ತಿಂಗಳಾಯಿತು. ನಿನ್ನ ಕಣ್ಣಿಗೆ ಅಮೀನುದ್ದೀನ ಅಂದರೆ ಎದುರು ಮನೆಯ ಬಿಳಿ ಗಡ್ಡದವನು, ಎಣ್ಣೆ ಡಬ್ಬಿ ಹಿಡಿದು ಓಡಾಡುವವನು, ಅಷ್ಟೇ.

ಅವನು ಮೂವತ್ತೊಂದು ವರ್ಷ ನಾರಾಯಣಪುರದ ಆಣೆಕಟ್ಟಿನಲ್ಲಿ ಗೇಟು ಏರಿಸುವ ಇಳಿಸುವ ಕೆಲಸ ಮಾಡಿದವನು. ಗೇಟಿನ ಕಬ್ಬಿಣದ ಮೇಲೆ ಅಂಗೈ ಇಟ್ಟರೆ ಸಾಕು, ಒಳಗೆ ಎಲ್ಲಿ ಹಿಡಿದಿದೆ, ಎಲ್ಲಿ ನಡುಗುತ್ತಿದೆ ಅಂತ ಹೇಳುತ್ತಿದ್ದನಂತೆ. ರಿಟೈರಾಗಿ ಇಲ್ಲಿಗೆ ಬಂದ ಮೇಲೆ ಕೈ ಸುಮ್ಮನಿರಲಿಲ್ಲ. ಯಾರ ಮನೆಯ ಬಾಗಿಲು ಕಿರ್ ಅಂದರೂ ಹೋಗಿ ಎಣ್ಣೆ ಬಿಟ್ಟು ಬರುತ್ತಾನೆ, ಕರೆಯಬೇಕಿಲ್ಲ. ಒಂದು ಸಲ ನಮ್ಮ ಎಮ್ಮೆಯ ಸರಪಳಿಗೂ ಬಿಟ್ಟ. ಎಮ್ಮೆ ಅದನ್ನು ಮೂಸಿ ನೋಡಿ, ಇಡೀ ದಿನ ಗೋಡೆಯ ಕಡೆ ಮುಖ ಮಾಡಿ ನಿಂತಿತು. ನಮ್ಮ ಯಜಮಾನರು ಇನ್ನೂ ಇದ್ದರು ಆಗ, ನಕ್ಕು ನಕ್ಕು ಕೆಮ್ಮು ಬಂದಿತ್ತು ಅವರಿಗೆ.

ಎಲ್ಲಿದ್ದೆ? ಹಾಂ. ಅವನು ಸಗರದವನು, ನನ್ನ ತವರೂ ಸಗರವೇ. ಅವರವ್ವ, ನಮ್ಮವ್ವ ಒಂದೇ ಹೊಲದಲ್ಲಿ ಹತ್ತಿ ಬಿಡಿಸಿದವರು. ಅದಕ್ಕೇ ನಾನು ಅವನಿಗೆ ಅಕ್ಕ. ಪಂಚಮಿಗೆ ನನ್ನ ಸ್ವಂತ ತಮ್ಮ ಮರೆತರೂ ಅಮೀನುದ್ದೀನ ಕುಬುಸದ ಬಟ್ಟೆ ತರುವುದು ಮರೆತವನಲ್ಲ. ಬಣ್ಣ ಮಾತ್ರ ಪ್ರತಿವರ್ಷ ಹಸಿರೇ, ಗೇಟಿಗೆ ಬಳಿಯುವ ಹಸಿರು.

ಅವನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಹಳೆಯವು. ಹೋದ ವರ್ಷ ಕಿಡ್ನಿಗಳೂ ದಣಿದಿವೆ ಎಂದರು ಡಾಕ್ಟರ್ ಶಾಂಭವಿ. ಇಲ್ಲೇ ಊರಲ್ಲಿ ಅವರದು ಸಣ್ಣ ಆಸ್ಪತ್ರೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಆದರೆ ಕೂರಿಸಿ ತಿಳಿಯುವ ಹಾಗೆ ಹೇಳುತ್ತಾರೆ. ಪೊಟ್ಯಾಸಿಯಂ ಅಂತ ಒಂದು ಲವಣ ಇದೆಯಂತೆ. ಹಣ್ಣು, ಕಾಯಿಪಲ್ಯ, ಬೇಳೆ ಎಲ್ಲದರಲ್ಲೂ ಇರುತ್ತದಂತೆ. ಅದು ಬೇಕು, ಆದರೆ ಅಳತೆಯಲ್ಲಿ. ಹೆಚ್ಚಾದದ್ದನ್ನು ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕಬೇಕು. ಕಿಡ್ನಿ ದಣಿದರೆ ಅದು ರಕ್ತದಲ್ಲೇ ನಿಂತು ಹೃದಯದ ಬಡಿತವನ್ನು ಕೆಡಿಸುತ್ತದೆ. ಆದ್ದರಿಂದ ಎಳನೀರು, ಬಾಳೆಹಣ್ಣು ಬೇಡ, ಟೊಮ್ಯಾಟೊ ಕಡಿಮೆ. ಕಾಯಿಪಲ್ಯ ಸಣ್ಣಗೆ ಹೆಚ್ಚಿ ಬಹಳ ನೀರಲ್ಲಿ ಕುದಿಸಿ, ನೀರು ಬಸಿದು ತಿನ್ನಬೇಕು. ಬೇಳೆಯೂ ಹಾಗೆಯೇ.

ಅವನ ಹೆಂಡತಿ ಚಮನಬೀ ಒಂದು ಮಾತೂ ತಪ್ಪದೆ ಹಾಗೆಯೇ ಮಾಡಿದಳು. ತಪ್ಪಿದ್ದು ನಾನು.

ಒಂದು ದಿನ ನೋಡಿದರೆ ತೊಗರಿಬೇಳೆ ಬಸಿದ ಕಟ್ಟನ್ನು ಚರಂಡಿಗೆ ಚೆಲ್ಲಲು ಹೊರಟಿದ್ದಾಳೆ, ಹಳದಿ ನೊರೆ ಕಟ್ಟಿದ ಕಟ್ಟು. ನಮ್ಮ ಕಡೆ ಹೋಳಿಗೆ ಮಾಡಿದ ದಿನ ಹೋಳಿಗೆಗಿಂತ ಮೊದಲು ಖಾಲಿಯಾಗುವುದು ಕಟ್ಟಿನ ಸಾರು, ಅದನ್ನು ಚೆಲ್ಲಿದವರನ್ನು ನಾನು ಕಂಡಿಲ್ಲ. ಎಮ್ಮೆಗಾದರೂ ಆಗುತ್ತದೆ, ಇತ್ತ ಕೊಡು ಎಂದೆ. ದಿನಾ ನಮ್ಮಿಬ್ಬರ ಮನೆ ನಡುವಿನ ಗೋಡೆಯ ಮೇಲಿಂದ ಪಾತ್ರೆ ದಾಟಿಸತೊಡಗಿದಳು, ಪಲ್ಯ ಕುದಿಸಿದ ನೀರನ್ನೂ ಅದರಲ್ಲೇ ಸೇರಿಸಿ. ಎರಡು ದಿನ ಎಮ್ಮೆಯೇ ಕುಡಿಯಿತು. ಮೂರನೆಯ ದಿನ ನನಗೆ ಮನಸ್ಸು ತಡೆಯಲಿಲ್ಲ. ಹುಣಸೆ ಹಿಂಡಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟೆ, ಎರಡು ಟೊಮ್ಯಾಟೊ ಹಿಸುಕಿದೆ.

ಮಧ್ಯಾಹ್ನ ಅಮೀನುದ್ದೀನ ನಮ್ಮ ಕಟ್ಟೆಗೆ ಬಂದು ಕೂತ. ಮುಖ ಸೊರಗಿತ್ತು. ಊಟ ಆಯಿತೇನೋ ಎಂದು ಕೇಳಿದೆ.

"ಆತಕ್ಕಾ. ನಮ್ಮ ಮನಿ ಪಲ್ಯ ನಮಾಜಿಗಿ ಹೊಂಟವರಂಗ ಮೂರ್ ಸಲ ವಜೂ ಮಾಡಿ, ತೊಳಕೊಂಡು ತಾಟಿಗಿ ಬರ್ತದ. ಅಷ್ಟ ಪಾಕ್ ಆದಮ್ಯಾಗ ರುಚಿ ಯಾಕ ಉಳೀತದ ಹೇಳು."

ಎದ್ದು ಒಳಗೆ ಹೋದೆ. ಬಟ್ಟಲು ತುಂಬ ಸಾರು ಕೊಟ್ಟೆ. ಬೇಳೆ ಚಮನಬೀ ಮನೆಯಲ್ಲೇ ಉಳಿದಿದೆ, ಇದು ಬರೀ ನೀರು, ಇದರಲ್ಲೇನಿದೆ ಎಂದುಕೊಂಡೆ. ಡಾಕ್ಟರು ಯಾವ ಪೊಟ್ಯಾಸಿಯಮ್ಮನ್ನು ಆ ನೀರಿಗೆ ಇಳಿಸಿ ಚೆಲ್ಲಿರಿ ಎಂದಿದ್ದರೋ ಅದನ್ನೇ ಒಗ್ಗರಣೆ ಹಾಕಿ ಮೂರು ವಾರ ಕುಡಿಸಿದೆ, ದಿನಕ್ಕೆ ಎರಡು ಬಟ್ಟಲು. ಅವನು ಕುಡಿಯುವಾಗ ಕಣ್ಣು ಮುಚ್ಚಿ, ಸಗರದ ಬಾವಿ ನೀರಿನ ರುಚಿ ಬಂತು ನೋಡಕ್ಕ ಅನ್ನುತ್ತಿದ್ದ. ನನಗೆ ಅದೇ ದೊಡ್ಡದಾಗಿ ಕಂಡಿತ್ತು.

ಒಂದು ಸೋಮವಾರ ಹೀಗೆ ಕುಡಿದು ಏಳಲು ಹೋದವನು ಮತ್ತೆ ಕೂತುಬಿಟ್ಟ. ಕಾಲಲ್ಲಿ ಶಕ್ತಿ ಇಲ್ಲ. ಎದೆಯ ಮೇಲೆ ಅಂಗೈ ಇಟ್ಟುಕೊಂಡ, ಗೇಟಿನ ಮೇಲೆ ಇಡುತ್ತಿದ್ದನಲ್ಲ, ಹಾಗೆ.

"ಅಕ್ಕಾ, ಒಳಗ ನಡುಗಾಕತ್ತದ," ಎಂದ.

ಚಮನಬೀಯನ್ನು ಕೂಗಿದೆ. ಮೂಲೆ ಮನೆಯ ಅಲ್ತಾಫ್ ಆಟೋ ತಂದ. ಶಾಂಭವಿ ಡಾಕ್ಟರು ಎದೆಗೆ ವೈರು ಹಚ್ಚಿ ಇಸಿಜಿ ತೆಗೆದರು. ಗೆರೆಗಳು ಗುಡಾರದ ತುದಿಯಂತೆ ಚೂಪಾಗಿ ಎದ್ದಿದ್ದವು. ರಕ್ತದ ರಿಪೋರ್ಟಿಗೆ ಅವರು ಕಾಯಲಿಲ್ಲ. ಕ್ಯಾಲ್ಸಿಯಂ ಸೂಜಿಯನ್ನು ನಿಧಾನವಾಗಿ ನರಕ್ಕೆ ಬಿಡಿಸುತ್ತ ತಾವು ಪರದೆ ನೋಡುತ್ತ ನಿಂತರು. ಕೆಲವೇ ನಿಮಿಷದಲ್ಲಿ ಚೂಪು ಇಳಿಯಿತು. ಅಷ್ಟರಲ್ಲಿ ಲೆಕ್ಕ ಬಂತು. ಐದರ ಒಳಗೆ ಇರಬೇಕಾದ ಪೊಟ್ಯಾಸಿಯಂ ಏಳು ದಾಟಿತ್ತು.

ಗೆರೆ ನೆಟ್ಟಗಾಯಿತಲ್ಲ, ಇನ್ನು ಮನೆಗೆ ಹೋಗಬಹುದೇ ಎಂದು ಚಮನಬೀ ಕೇಳಿದಳು. ಇಲ್ಲ ಎಂದರು ಡಾಕ್ಟರು. ಕ್ಯಾಲ್ಸಿಯಂ ಹೃದಯವನ್ನು ಸ್ವಲ್ಪ ಹೊತ್ತು ಕಾಯುತ್ತದೆ ಅಷ್ಟೇ, ರಕ್ತದಲ್ಲಿನ ಪೊಟ್ಯಾಸಿಯಂ ಒಂದು ಕಾಳಷ್ಟೂ ಕಡಿಮೆಯಾಗಿಲ್ಲ. ಈಗ ಇನ್ಸುಲಿನ್ ಕೊಡುತ್ತೇನೆ, ಸಕ್ಕರೆ ಬೀಳದ ಹಾಗೆ ಜೊತೆಗೆ ಗ್ಲುಕೋಸು. ಅದು ಪೊಟ್ಯಾಸಿಯಮ್ಮನ್ನು ರಕ್ತದಿಂದ ಮೈಯ ಕಣಗಳ ಒಳಕ್ಕೆ ತಳ್ಳುತ್ತದೆ. ಆದರೆ ಕೆಲವು ತಾಸಿನ ಮೇಲೆ ಮತ್ತೆ ಹೊರಗೆ ಬರುತ್ತದೆ. ಅಷ್ಟರಲ್ಲಿ ಯಾದಗಿರಿಗೆ ಹೋಗಿ ಡಯಾಲಿಸಿಸ್ ಮಾಡಿಸಿ ದೇಹದಿಂದಲೇ ತೆಗೆಸಬೇಕು ಎಂದರು. ಉಬ್ಬಸದವರು ಎಳೆದುಕೊಳ್ಳುವ ಔಷಧಿಯ ಹಬೆಯನ್ನೂ ಮೂಗಿಗೆ ಹಿಡಿಸಿದರು, ಅದೂ ಒಳಕ್ಕೆ ತಳ್ಳುವ ಕೆಲಸಕ್ಕೇ ಅಂತೆ.

ಆಮೇಲೆ ಚಮನಬೀಯನ್ನು ಕೇಳಿದರು, ಏನು ತಿನ್ನಿಸಿದಿರಿ ಎಂದು. ಅವಳು ಒಂದೊಂದೇ ಹೇಳಿದಳು. ಎಲ್ಲ ಸರಿಯಾಗಿಯೇ ಇತ್ತು. ಡಾಕ್ಟರ ಹುಬ್ಬು ಗಂಟಾಯಿತು. ಊಟ ಇಷ್ಟು ಸರಿಯಿದ್ದೂ ಏಳು ದಾಟಿದೆ ಎಂದರೆ ಕಿಡ್ನಿ ಪೂರ್ತಿ ನಿಂತಿರಬೇಕು, ಇನ್ನು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಕಾಯಂ ಆಗಬಹುದು ಎಂದರು. ಚಮನಬೀ ಗೋಡೆ ಹಿಡಿದುಕೊಂಡಳು. ಡಾಕ್ಟರು ಸುಮ್ಮನೆ ಕೇಳುವವರಂತೆ ಮತ್ತೊಂದು ಕೇಳಿದರು, ಬಸಿದ ನೀರು ಏನು ಮಾಡುತ್ತೀರಿ?

"ಚಂದಮ್ಮಕ್ಕಗ ಕೊಡ್ತೀನ್ರಿ. ಅವರ ಎಮ್ಮಿ ಕುಡೀತದ."

ಆ ಸಾರು ಅವರ ಮನೆಯ ನೀರಿನದೇ ಎಂದು ನಾನು ಅವನಿಗೂ ಹೇಳಿರಲಿಲ್ಲ, ಮಗಳೇ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಜನ್ಮವಿಡೀ ಆ ಡಯಾಲಿಸಿಸ್ ಮಷೀನಿಗೆ ಕೈಯೊಡ್ಡಿ ಮಲಗಬೇಕಾಗುತ್ತಿತ್ತು, ಇವಳು ತನ್ನ ಕೈಯಡುಗೆಯನ್ನೇ ಬೈದುಕೊಳ್ಳುತ್ತಿದ್ದಳು.

"ಎಮ್ಮಿ ಕುಡೀಲಿಲ್ರಿ ಡಾಕ್ಟರಮ್ಮ," ಎಂದೆ. "ನಾ ಸಾರ್ ಮಾಡಿ ಇವಗ ಕುಡಿಸೀನಿ. ಮೂರ್ ವಾರ ಆತು."

ಚಮನಬೀ ನನ್ನ ಕಡೆ ನೋಡಲಿಲ್ಲ, ನೆಲ ನೋಡಿದಳು. ಡಾಕ್ಟರು ಬೈಯಲಿಲ್ಲ. ಅದೊಂದೇ ಕಾರಣ ಎನ್ನಲಾರೆ, ಬಿಪಿಯ ಗುಳಿಗೆಯೂ ಸ್ವಲ್ಪ ಏರಿಸುತ್ತದೆ, ಆದರೂ ಹೇಳಿದ್ದು ಒಳ್ಳೆಯದಾಯಿತು ಎಂದು ಚೀಟಿಯಲ್ಲಿ ಬರೆದು ಯಾದಗಿರಿಗೆ ಕಳಿಸಿದರು. ಆಂಬುಲೆನ್ಸು ಭೀಮೆಯ ಸೇತುವೆ ದಾಟುವ ತನಕ ನಾನು ಅವನ ಪಾದ ಹಿಡಿದುಕೊಂಡೇ ಇದ್ದೆ. ತಣ್ಣಗಿತ್ತು.

ಎರಡು ಡಯಾಲಿಸಿಸ್ ಆದ ಮೇಲೆ ಅವನು ಹಾಸಿಗೆಯಲ್ಲಿ ಎದ್ದು ಕೂತು ನನಗೇ ಪಾಠ ಹೇಳಿದ.

"ಮೊದಲನೇ ಸೂಜಿ ನೀರು ಇಳಸಲಿಲ್ಲಕ್ಕಾ, ಗೇಟು ನಡುಗೋದು ನಿಲ್ಲಿಸ್ತು. ಇನ್ಸುಲಿನ್ ನೀರನ್ನ ಕಾಲುವಿಗಿ ತಿರುವಿತು, ಕಾಲುವಿ ಎಷ್ಟೊತ್ತು ತಡೀತದ? ಈ ಮಷೀನು ನೋಡು, ಖರೇ ನದಿಗಿ ಬಿಟ್ಟದ್ದು ಇದು."

"ಡ್ಯಾಮಿಗಿ ನೀರು ತುಂಬಿದಾಕಿ ನಾ," ಎಂದೆ.

"ನೀ ತುಂಬಿದಿ, ನಾ ಅಳತಿ ನೋಡಲಿಲ್ಲ. ನೌಕರಿ ನಂದಲ್ಲೇನು?"

ಹೀಗೆ ನನ್ನ ತಪ್ಪಿನಲ್ಲಿ ಅರ್ಧ ತಾನು ಹೊತ್ತುಕೊಂಡ. ಅಂಥವನು ಅವನು.

ಚಮನಬೀ ಎಂಟು ದಿನ ಮಾತು ಬಿಟ್ಟಳು. ಒಂಬತ್ತನೆಯ ದಿನ ಗೋಡೆಯ ಆಚೆಯಿಂದ ದನಿ ಬಂತು.

"ಚಂದಮ್ಮಕ್ಕಾ, ನಿಮ್ಮ ಎಮ್ಮಿ ಸೊರಗ್ಯಾದೇನು? ಅದರ ಪಾಲು ನಮ್ಮ ಮನಿಯವರು ಕುಡದಾರ."

ಕೈಮುಗಿದು, ತಪ್ಪಾಯಿತು ತಾಯಿ ಎಂದೆ. ಅವಳು ಅಷ್ಟಕ್ಕೇ ಬಿಡಲಿಲ್ಲ. ಮೂರು ವಾರ ಸಾರು ಮಾಡಿದಿರಿ, ಕಿಡ್ನಿ ಚೆನ್ನಾಗಿರುವ ನನ್ನನ್ನು ಒಂದು ದಿನವಾದರೂ ಕರೆದಿರಾ ಎಂದಳು. ಆಗ ಇಬ್ಬರೂ ಅತ್ತೆವೋ ನಕ್ಕೆವೋ, ಈಗ ನೆನಪಿಲ್ಲ.

ಈಗ ಡಯಾಲಿಸಿಸ್ ಇಲ್ಲ, ಸದ್ಯಕ್ಕೆ ಬೇಡ ಎಂದಿದ್ದಾರೆ. ಊಟವಾಗಿ ಸ್ವಲ್ಪ ಹೊತ್ತು ಬಿಟ್ಟು ನೀರಲ್ಲಿ ಒಂದು ಪುಡಿ ಕಲಸಿ ಕುಡಿಯುತ್ತಾನೆ. ಅದು ಹೊಟ್ಟೆಯಲ್ಲೇ ಪೊಟ್ಯಾಸಿಯಮ್ಮನ್ನು ಹಿಡಿದುಕೊಂಡು ಮಲದಲ್ಲಿ ಹೊರಗೆ ಒಯ್ಯುತ್ತದಂತೆ. ಸುಣ್ಣ ಕುಡಿದಂತಾಗುತ್ತದೆ ಎಂದು ಮುಖ ಹಿಂಡುತ್ತಾನೆ, ಹೊಟ್ಟೆ ಕಟ್ಟುತ್ತದೆ ಎಂದು ನನ್ನ ಹತ್ತಿರ ದೂರುತ್ತಾನೆ, ಆದರೂ ಬಿಡುವುದಿಲ್ಲ. ಯಾಕೆಂದರೆ ಆ ಬಿಪಿ ಗುಳಿಗೆ ಇದೆಯಲ್ಲ, ಅದು ಅವನ ಹೃದಯಕ್ಕೂ ಉಳಿದ ಕಿಡ್ನಿಗೂ ಬೇಕೇ ಬೇಕಂತೆ. ನಡುವೆ ನಿಲ್ಲಿಸಿದ್ದರು. ಪುಡಿಯ ಬಲದ ಮೇಲೆ ಹೋದ ವಾರ ಮತ್ತೆ ಸಣ್ಣದಾಗಿ ಶುರು ಮಾಡಿದ್ದಾರೆ. ಅದು ಮೈಗೆ ಹೊಂದಿತೋ ಇಲ್ಲವೋ ಎಂಬುದು ಇವತ್ತು ತಿಳಿಯಬೇಕು, ಬೆಳಿಗ್ಗೆ ರಕ್ತ ಕೊಟ್ಟು ಬಂದಿದ್ದಾನೆ.

ಮಗಳೇ, ಬಸ್‌ಸ್ಟ್ಯಾಂಡಿನ ಎದುರಿನ ಲ್ಯಾಬಿಗೆ ಒಂದು ಸಲ ಹೋಗಿ ಬಾ. ಐದು ಗಂಟೆಗೆ ರಿಪೋರ್ಟು ಕೊಡುತ್ತಾರೆ. ಅಲ್ತಾಫ್ ಸುರಪುರಕ್ಕೆ ಹೋಗಿದ್ದಾನೆ, ನನಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಅಮೀನುದ್ದೀನನ ಹೆಸರು ಹೇಳು, ಅಲ್ಲೇ ನಿಂತು ಪೊಟ್ಯಾಸಿಯಂ ಎಷ್ಟಿದೆ ಓದು. ಐದರ ಒಳಗಿದ್ದರೆ ತಂದು ಚಮನಬೀ ಕೈಗೆ ಕೊಡು. ದಾಟಿದ್ದರೆ ಅಲ್ಲಿಂದಲೇ ಶಾಂಭವಿ ಡಾಕ್ಟರಿಗೆ ಫೋನು ಹಚ್ಚು, ಆಮೇಲೆ ನನಗೆ ಹೇಳು.