ಲಿಯೋಟಾಳ ಅಲುಗದ ಮುಳ್ಳು

ಲಿಯೋಟಾಳ ಹೆಸರನ್ನು ನಾನು ಮೊದಲು ಕೇಳಿದ್ದು ನನ್ನದೇ ಊಟದ ಮೇಜಿನಲ್ಲಿ, ನನ್ನ ಗಂಡನ ಬಾಯಿಂದ. ಏಪ್ರಿಲ್ ತಿಂಗಳ ಒಂದು ಭಾನುವಾರ. ಬೆಟ್ಟದ ಬುಡದ ಮೈದಾನದಲ್ಲಿ ಆ ವರ್ಷದ ಮೊದಲ ಕೋವಿ ಗುರಿ ಪಂದ್ಯ ಮುಗಿಸಿ ಹಾರ್ಲನ್ ಬಂದಿದ್ದ. ಸೋತು ಬಂದ ದಿನ ಅವನು ತಟ್ಟೆಯಲ್ಲಿನ ಆಲೂಗಡ್ಡೆಯನ್ನು ಆಚೆ ಈಚೆ ತಳ್ಳುತ್ತ ಕೂರುವವನು. ಅವತ್ತೂ ಸೋತಿದ್ದ, ಆದರೆ ಎರಡನೇ ಸಲ ಬಡಿಸಿಕೊಂಡ.

"ಆ ಹೆಂಗಸಿನ ತಕ್ಕಡಿ ಮುಳ್ಳು ಅಲುಗೋದೇ ಇಲ್ಲ ಕಣೆ," ಅಂದ.

"ಯಾವ ಹೆಂಗಸು?"

"ಲಿಯೋಟಾ. ಹಳ್ಳದಾಚೆ ಬ್ರಾಂಡ್ವೊಲ್ಡ್ ಮನೆಯೋಳು. ಗಂಡ ಹೋದ್ಮೇಲೆ ಒಬ್ಳೇ ಇದಾಳಲ್ಲ."

ನನ್ನ ತಂಗಿಯ ಮಕ್ಕಳು ಬೆಳೆದು ದೊಡ್ಡವರಾದರೂ ಅವರ ಹೆಸರು ಅವನ ನಾಲಿಗೆಗೆ ಹತ್ತಿರಲಿಲ್ಲ. ಈ ಹೆಸರು ಒಂದೇ ಮಧ್ಯಾಹ್ನದಲ್ಲಿ ಹತ್ತಿತ್ತು. ಬಟಾಣಿಯ ಬಟ್ಟಲನ್ನು ನಾನು ಸ್ವಲ್ಪ ಜೋರಾಗಿಯೇ ಇಟ್ಟೆ.

ನಮ್ಮ ಮೊಂಟಾನಾ ಕಡೆಯ ಗುರಿಕಾರರು ಅಂಗಡಿಯ ತೋಟೆಯನ್ನು ನಂಬುವುದಿಲ್ಲ. ಹಾರಿಸಿದ ತೋಟೆಯ ಹಿತ್ತಾಳೆ ಚಿಪ್ಪನ್ನು ಹೆಕ್ಕಿ ತಂದು, ಉಜ್ಜಿ, ತಾವೇ ಮತ್ತೆ ಮದ್ದು ತುಂಬಿ ಗುಂಡು ಕೂರಿಸುತ್ತಾರೆ. ಅದರಲ್ಲಿ ಮದ್ದು ತೂಗುವುದೇ ದೊಡ್ಡ ಕೆಲಸ. ಒಂದು ತೋಟೆಗೆ ಎಳ್ಳುಕಾಳಿನಷ್ಟು ಹೆಚ್ಚಾಗಿ ಇನ್ನೊಂದಕ್ಕೆ ಅಷ್ಟೇ ಕಡಿಮೆಯಾದರೆ ಸಾವಿರ ಗಜದಾಚೆಯ ಗುರಿಯ ಕಾಗದದಲ್ಲಿ ಒಂದು ಗುಂಡು ಮೇಲೆ ಹೊಡೆಯುತ್ತದೆ, ಒಂದು ಕೆಳಗೆ.

ಹಿಂದಿನ ಚಳಿಗಾಲ ಹಾರ್ಲನ್ ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಕರೆಂಟಿನ ತಕ್ಕಡಿಯನ್ನು ತಂದು ನೆಲಮಾಳಿಗೆಯಲ್ಲಿ, ಅಡುಗೆಮನೆಯ ಸರಿ ಕೆಳಗೆ, ಗೋಡೆಗೆ ಬಿಗಿದ ಮೇಜಿನ ಮೇಲೆ ಇಟ್ಟಿದ್ದ. ಒಂದೇ ಚಿಟಿಕೆ ಮದ್ದನ್ನು ಮೂರು ಸಲ ಇಟ್ಟರೆ ಅದು ಮೂರು ತೂಕ ತೋರಿಸುತ್ತಿತ್ತು. ಗಾಳಿಯ ಕಾಟ ಇರಬೇಕೆಂದು ಗಾಜಿನ ಪೆಟ್ಟಿಗೆ ಮುಚ್ಚಿದ. ಬಿಸಿಗಾಳಿಯದು ಇರಬೇಕೆಂದು ಜನವರಿಯಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಆರಿಸಿದ. ನಾನು ಕೋಟು ಹಾಕಿಕೊಂಡು ಪಾತ್ರೆ ತೊಳೆದೆ. ನೈಲಾನ್ ಬಟ್ಟೆಯಲ್ಲಿ ಕರೆಂಟು ಕೂತು ಚಟಪಟ ಅನ್ನುತ್ತದೆ, ತಕ್ಕಡಿಗೆ ಆಗದು ಎಂದು ನನ್ನ ಒಳ್ಳೆಯ ನಿಲುವಂಗಿಯನ್ನು ಮೆಟ್ಟಿಲಲ್ಲೇ ತಡೆದ. ಕೊನೆಗೆ ಫ್ರೀಜರಿನ ಮೋಟರು ಮೇಜನ್ನು ನಡುಗಿಸುತ್ತದೆಂದು ಅದರ ಪ್ಲಗ್ ಕಿತ್ತವನು ಮತ್ತೆ ಹಾಕುವುದನ್ನು ಮರೆತ. ಚಳಿಗಾಲಕ್ಕೆಂದು ಕೂಡಿಟ್ಟ ಎಲ್ಕ್ ಕಡವೆಯ ಮಾಂಸವೆಲ್ಲ ಕರಗಿ, ಕೊಳೆತು, ನೀರಾಗಿ ನೆಲದ ಮೇಲೆ ಹರಿಯಿತು. ನಾಯಿಯೂ ಮೂಸಲಿಲ್ಲ.

"ತಕ್ಕಡಿ ಬೇಕಾ ಹೆಂಡ್ತಿ ಬೇಕಾ, ಈಗ್ಲೇ ಹೇಳ್ಬಿಡು," ಅಂದಿದ್ದೆ.

"ಎರಡೂ ಒಂದೇ ಕಣೆ. ಕೇಳಿದಾಗೆಲ್ಲ ಒಂದೊಂದು ಹೇಳ್ತವೆ."

ಹೀಗಿದ್ದವನು ಆ ಭಾನುವಾರದ ನಂತರ ತನ್ನ ಮದ್ದಿನ ಡಬ್ಬಿ, ಚಿಪ್ಪುಗಳ ಪೆಟ್ಟಿಗೆ ಎಲ್ಲವನ್ನೂ ಪಿಕಪ್ಪಿನಲ್ಲಿ ಹೇರಿಕೊಂಡು ಗುರುವಾರ ಗುರುವಾರ ಲಿಯೋಟಾಳ ಮನೆಗೆ ಹೋಗತೊಡಗಿದ. ಮಧ್ಯಾಹ್ನದ ಊಟ ಮುಗಿಸಿ ಹೊರಟರೆ ಸಂಜೆ ಕಾಫಿಯ ಹೊತ್ತಿಗೆ ವಾಪಸು. ಹೋಗುವ ಮೊದಲು ಗಡ್ಡ ಕೆರೆದುಕೊಳ್ಳುತ್ತಿದ್ದ. ಗಡ್ಡಕ್ಕೂ ತಕ್ಕಡಿಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ಅವಳ ಕತೆಯನ್ನೆಲ್ಲ ನನಗೆ ಒದಗಿಸಿದವಳು ಊರಿನ ಕೆಫೆ ನಡೆಸುತ್ತಿದ್ದ ಡಾರ್ಕಸ್. ಲಿಯೋಟಾ ಹುಡುಗಿಯಾಗಿದ್ದಾಗ ಗೋಧಿ ಉಗ್ರಾಣದಲ್ಲಿ ಬೀಜ ತೂಗುವ ಕೆಲಸದಲ್ಲಿದ್ದಳಂತೆ. ಓಡೆಲ್ ಬ್ರಾಂಡ್ವೊಲ್ಡ್ ಅವಳನ್ನು ಅಲ್ಲೇ ನೋಡಿ ಮದುವೆಯಾದ. ಗುರಿಯ ಹುಚ್ಚು ಇದ್ದದ್ದು ಅವನಿಗೆ. ಅವನು ಬದುಕಿರುವಷ್ಟು ದಿನ ಅವಳು ಕೋವಿ ಮುಟ್ಟಿದವಳಲ್ಲ. ಅವನ ಟ್ರಾಕ್ಟರು ಇಳಿಜಾರಿನಲ್ಲಿ ಮಗುಚಿದ ವರ್ಷ, ಅವನನ್ನು ಮಣ್ಣು ಮಾಡಿ ಬಂದ ವಾರವೇ, ಅವನು ಅರ್ಧ ತುಂಬಿಸಿಟ್ಟಿದ್ದ ತೋಟೆಗಳನ್ನು ಮುಗಿಸಲು ಕೂತಳು. ಮುಗಿದ ಮೇಲೆ ಹಾರಿಸಬೇಕಲ್ಲ, ಹಾರಿಸಿದಳು. ಹಾರಿಸಿದ ಮೇಲೆ ಚಿಪ್ಪು ಖಾಲಿ, ಮತ್ತೆ ತುಂಬಬೇಕು. ಹಾಗೇ ನಡೆಯಿತು. ಮಕ್ಕಳಿರಲಿಲ್ಲ. ಮಾತೂ ಕಡಿಮೆ. ಗಂಡಸರ ಹತ್ತಿ ಅಂಗಿ, ಬೆನ್ನ ಮೇಲೆ ಒಂದು ಬೂದು ಜಡೆ.

"ನೋಡೋಕೆ ಏನೂ ಚೆನ್ನಾಗಿಲ್ಲ ಬಿಡು," ಅಂದಳು ಡಾರ್ಕಸ್, ನನ್ನ ಲೋಟಕ್ಕೆ ಕಾಫಿ ಸುರಿಯುತ್ತ. "ಆದ್ರೆ ಗಂಡಸ್ರಿಗೆ ನೋಡೋಕೇ ಬೇಕು ಅಂತೇನಿಲ್ವಲ್ಲ. ಬಾಯ್ಮುಚ್ಕೊಂಡಿದ್ರೆ ಸಾಕು."

"ನಿನ್ ಗಂಡ ಅದಕ್ಕೇ ಮನೆ ಬಿಟ್ಟು ಹೋದ್ನೇನೋ," ಅಂದೆ.

"ಹೋಗ್ಲಿಲ್ಲಮ್ಮ, ನಾನೇ ಓಡಿಸಿದ್ದು," ಅಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಜೂನಿನಲ್ಲಿ ಹಾರ್ಲನ್ ಗೆದ್ದ. ಗೆದ್ದವನ ತೂತುಬಿದ್ದ ಕಾಗದವನ್ನು ಡಾರ್ಕಸಳ ಕೆಫೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಾರೆ. ಮುಂದಿನ ಪಂದ್ಯದವರೆಗೆ ಅದು ಅಲ್ಲೇ. ಅವತ್ತಿನ ಸಂಜೆ ಎಲ್ಲರೂ ಒಂದೊಂದು ಅಡುಗೆ ತಂದು ಒಟ್ಟಿಗೆ ಉಣ್ಣುವುದು, ಗೆದ್ದವನು ಎದ್ದು ನಿಂತು ತನಗೆ ನೆರವಾದವರ ಹೆಸರು ಹೇಳುವುದು ಪದ್ಧತಿ. ಅವನ ಐದು ಗುಂಡೂ ಒಂದು ಅಂಗೈಯಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದಿದ್ದವು. ಟೋಪಿ ಕೈಯಲ್ಲಿ ಹಿಡಿದು ನಿಂತ. "ಲಿಯೋಟಾಳ ಮೇಜಿಗೆ ಥ್ಯಾಂಕ್ಸ್ ಹೇಳ್ಬೇಕು," ಅಂದು ಕೂತುಬಿಟ್ಟ.

ನನ್ನ ಪಕ್ಕಕ್ಕೆ ಬಗ್ಗಿ ಡಾರ್ಕಸ್ ಪಿಸುಗುಟ್ಟಿದಳು, "ನೀನ್ ಮಾಡ್ಕೊಂಡ್ ಬಂದ ಬೀನ್ಸ್ ಹೆಸರು ಬರ್ಲಿಲ್ಲ ನೋಡು."

ಲಿಯೋಟಾ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಅಂಚಿನವರೆಗೆ, ಎಲ್ಲ ಕಡೆ ಒಂದೇ ಸಮ. ಆ ಬೆಣ್ಣೆ ನೋಡಿ ನನಗೆ ಬಂದ ಸಿಟ್ಟನ್ನು ಈಗಲೂ ನೆನೆಸಿಕೊಳ್ಳಬಲ್ಲೆ.

ಮುಂದಿನ ಗುರುವಾರ ನಾನೂ ಪಿಕಪ್ಪು ಹತ್ತಿ ಕೂತೆ, ತೊಡೆಯ ಮೇಲೆ ಹುಳಿದಂಟು ತುಂಬಿ ಬೇಯಿಸಿದ ರೂಬಾರ್ಬ್ ಪೈ ಇಟ್ಟುಕೊಂಡು. ಹಾರ್ಲನ್ ನನ್ನನ್ನು ನೋಡಿದ, ಪೈ ನೋಡಿದ, ಗಾಡಿ ಬಿಟ್ಟ.

"ಬನ್ನಿ, ಆರ್ವಿಲಾ," ಅಂದಳು ಲಿಯೋಟಾ. ನನ್ನ ಹೆಸರು ಅವಳಿಗೆ ಗೊತ್ತಿತ್ತು. ಅದೂ ನನಗೆ ಹಿಡಿಸಲಿಲ್ಲ.

ಅವಳ ನೆಲಮಾಳಿಗೆ ನಮ್ಮದರಂತೆಯೇ ಇತ್ತು, ಆದರೆ ಹೆಚ್ಚು ಚೊಕ್ಕಟ. ಮನೆಯನ್ನು ಹೊತ್ತ ಮರದ ಕಂಬಕ್ಕೇ ಮೇಜು ಬಿಗಿದಿತ್ತು. ಕರೆಂಟಿನ ತಕ್ಕಡಿಯಲ್ಲ, ಓಡೆಲ್‌ನ ಅಜ್ಜ ಚಿನ್ನದ ಗಣಿಯಲ್ಲಿ ಬಳಸುತ್ತಿದ್ದ ಹಳೆಯ ದಂಡಿಗೆ ತಕ್ಕಡಿ, ಗಾಜಿನ ಗೂಡಿನೊಳಗೆ. ಅವಳು ಬಾಗಿಲು ಮುಚ್ಚಿದಳು. ಕೈ ತೊಳೆದು ಒರೆಸಿಕೊಂಡಳು. ಮೊದಲು ತೂಕ ಗೊತ್ತಿರುವ ಒಂದು ಬಟ್ಟನ್ನು ಇಟ್ಟು ತೂಗಿದಳು. ಮುಳ್ಳು ಗೆರೆಗೆ ಬಂದು ನಿಂತ ಮೇಲೆಯೇ ಮದ್ದು. ಕೆಲವು ತೋಟೆಗಳಾದ ಮೇಲೆ ಮತ್ತೆ ಅದೇ ಬಟ್ಟು. ತೂಗುವಾಗ ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಡುತ್ತಿದ್ದಳು. ಮುಳ್ಳು ಗೋಡೆಯ ಮೇಲೆ ಬರೆದ ಗೆರೆಯಂತೆ ನಿಂತಿತ್ತು.

ಅವರಿಬ್ಬರೂ ಒಂದು ಮಾತೂ ಆಡಲಿಲ್ಲ. ಅವಳು ತೂಗಿ ಬಟ್ಟಲು ಚಾಚುವುದು, ಅವನು ಚಿಪ್ಪಿಗೆ ಸುರಿದು ಹಿಂದಿರುಗಿಸುವುದು. ಕಣ್ಣೂ ಕೂಡುತ್ತಿರಲಿಲ್ಲ. ಹರಟೆ ಹೊಡೆಯುತ್ತಾರೆ, ನಗುತ್ತಾರೆ ಎಂದೆಲ್ಲ ಮನೆಯಲ್ಲಿ ಕೂತು ಕಲ್ಪಿಸಿಕೊಂಡಿದ್ದೆ. ಹರಟೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಹೊತ್ತು ನನ್ನ ಜೊತೆ ಅವನು ಹಾಗೆ ಸುಮ್ಮನೆ, ನೆಮ್ಮದಿಯಾಗಿ ಕೂತದ್ದು ನನಗೆ ನೆನಪಿರಲಿಲ್ಲ.

"ಪೈ ಕೊಯ್ತೀನಿ," ಅಂದು ಎದ್ದು ಮೇಲಕ್ಕೆ ಹೋದೆ.

ಅವಳ ಅಡುಗೆಮನೆಯಲ್ಲಿ ಚಾಕು ಹುಡುಕಿದೆ. ಸಿಟ್ಟಿನಲ್ಲಿ ಕಪಾಟಿನಿಂದ ಕಪಾಟಿಗೆ ನಡೆದೆ, ತಟ್ಟೆಗೆ ಒಂದು ಸಲ, ಚಮಚಕ್ಕೆ ಒಂದು ಸಲ. ನನ್ನ ಶೂ ದಪ್ಪ ಹಿಮ್ಮಡಿಯದು. ಅಷ್ಟರಲ್ಲಿ ಹಾರ್ಲನ್ ಮೆಟ್ಟಿಲ ಬಾಗಿಲಲ್ಲಿ ತಲೆ ಹಾಕಿದ.

"ಆರ್ವಿಲಾ, ಒಂಚೂರು ಕೂತ್ಕೋತೀಯಾ? ಮುಳ್ಳು ಕುಣೀತಿದೆ."

ಹೊಸ ವಿಷಯ ಹೇಳುವವನ ದನಿ ಅದಲ್ಲ. ಬಹಳ ದಿನ ಬಾಯಲ್ಲಿಟ್ಟುಕೊಂಡದ್ದನ್ನು ಉಗುಳಿದವನಂತೆ ನೆಲ ನೋಡುತ್ತಿದ್ದ.

"ನಮ್ಮನೇಲೂ ಇದೇನಾ?" ಕೇಳಿದೆ. "ಗಾಳಿನೂ ಅಲ್ಲ, ಫ್ರೀಜರೂ ಅಲ್ಲ. ನಾನು ನಡೆಯೋದಾ?"

ಅವನು ಟೋಪಿ ಸರಿ ಮಾಡಿಕೊಂಡ.

"ಯಾಕ್ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಿನ್ ಮನೇಲಿ ನೀನು ನಡೀಬೇಡ ಅಂತ್ಲಾ?"

ಕೆಳಗೆ ಇಣುಕಿದೆ. ಲಿಯೋಟಾ ತಕ್ಕಡಿಯನ್ನು ಹಾಗೇ ಬಿಟ್ಟು ತಲೆಯೆತ್ತಿ ಚಾವಣಿಯ ಹಲಗೆ ನೋಡುತ್ತಿದ್ದಳು, ತುಟಿಯ ಮೂಲೆಯಲ್ಲಿ ಏನೋ ನಗುವಿನಂಥದ್ದು. ನನ್ನನ್ನು ಆಡಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಪೈಯನ್ನು ಅಲ್ಲೇ ಬಿಟ್ಟು ಗಾಡಿಯಲ್ಲಿ ಹೋಗಿ ಕೂತೆ.

ಮುಂದಿನ ವಾರ ನಾನೇ ಅವನಿಗೆ ಹೇಳಿದೆ: ಇಲ್ಲೇ ತೂಗು, ನಾನು ಕುರ್ಚಿ ಬಿಟ್ಟು ಏಳುವುದಿಲ್ಲ. ಹೆಣಿಗೆ ಹಿಡಿದು ಕಾಲು ಮಡಿಚಿ ಕೂತೆ. ತಕ್ಕಡಿ ನಿಂತಿತು ಕೂಡ. ಆದರೆ ಅವನು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೊಂದು ಸಲ ಮೆಟ್ಟಿಲು ಹತ್ತಿ ಬಂದು, "ಇದೀಯಾ? ಏನೂ ಸದ್ದೇ ಇಲ್ವಲ್ಲ," ಅನ್ನುತ್ತಿದ್ದ. ನಾಲ್ಕನೇ ಸಲ ಬಂದಾಗ ಹೆಣಿಗೆ ಕಡ್ಡಿ ತೋರಿಸಿ, "ಹೋಗು ಮಾರಾಯ, ನಿನ್ ಲಿಯೋಟಾ ಹತ್ರಾನೇ ಹೋಗು," ಅಂದೆ. ಹೋದ. ಅವನು ಬದುಕಿರುವವರೆಗೂ ಗುರುವಾರ ಅವಳದೇ ಆಯಿತು. ಕಾರಣ ತಿಳಿದ ಮಾತ್ರಕ್ಕೆ ಹೊಟ್ಟೆಯುರಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವಳಲ್ಲ. ಬೇಲಿ ರಿಪೇರಿಗೆ, ದನ ಎಣಿಸುವುದಕ್ಕೆ ಹೋದಾಗ ಇಲ್ಲದ ಉರಿ ಗುರುವಾರ ಗಾಡಿ ಸದ್ದು ಕೇಳಿದರೆ ಹೊತ್ತಿಕೊಳ್ಳುತ್ತಿತ್ತು.

ಹಾರ್ಲನ್ ಹೃದಯ ನಿಂತು ಹೋದಾಗ ಅವಳು ಬಂದು ಒಂದು ಪೆಟ್ಟಿಗೆ ಕೊಟ್ಟಳು, ಅವನು ಕೊನೆಯ ಗುರುವಾರ ತುಂಬಿದ ತೋಟೆಗಳು. ನಾನು ಬಾಗಿಲಲ್ಲೇ ತೆಗೆದುಕೊಂಡೆ, ಒಳಗೆ ಕರೆಯಲಿಲ್ಲ.

ಆಮೇಲೆ ಅವಳಿಗೆ ಎದೆಯ ಕಾಯಿಲೆ ಹಿಡಿಯಿತು. ಹಳ್ಳದ ಈಚೆ ಹತ್ತಿರದ ಮನೆ ಅಂದರೆ ನನ್ನದೇ. ಸೂಪು ಒಯ್ಯುವವರು ಬೇರೆ ಯಾರೂ ಇರಲಿಲ್ಲ, ಒಯ್ದೆ. ಒಯ್ಯುತ್ತ ಒಯ್ಯುತ್ತ ನೀವು ಹೋಗಿ ನೀನು ಆಯಿತು. ಅವಳ ಕೈ ನಡುಗಲು ಶುರುವಾಗಿತ್ತು. ಸೂಪು ತುಟಿಗೆ ಮುಟ್ಟುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಬೆಣ್ಣೆ ಸವರುತ್ತಿದ್ದ ಕೈ.

ಅವಳ ಅಣ್ಣನ ಮಗಳು ಮರುದಿನ ಬಂದು ಅವಳನ್ನು ಪೇಟೆಯ ಆಸ್ಪತ್ರೆಗೆ ಕರೆದೊಯ್ಯುವುದಿತ್ತು. ಅಲ್ಲಿಂದ ತಿರುಗಿ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕೆಳಗೆ, ನೆಲಮಾಳಿಗೆಗೆ ಕರೆದುಕೊಂಡು ಹೋಗು ಅಂದಳು ಲಿಯೋಟಾ. ರಟ್ಟೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿ, ಮೇಜಿನ ಮುಂದೆ ಕೂರಿಸಿದೆ. ಗಾಜಿನ ಗೂಡು ತೆರೆಯಿಸಿದಳು. ಬಟ್ಟನ್ನು ನನ್ನ ಕೈಯಿಂದಲೇ ಇಡಿಸಿದಳು. ಮುಳ್ಳು ಗೆರೆಗೆ ಬಂದು ನಿಂತಿತು.

"ನೋಡು, ಹೆಂಗ್ ನಿಲ್ತು," ಅಂದಳು. "ಓಡೆಲ್ ಇದ್ದಾಗ ನಿಲ್ತಾನೇ ಇರ್ಲಿಲ್ಲ. ನಾನು ಮೇಲೆ ರೊಟ್ಟಿ ಹಿಟ್ಟು ನಾದ್ತಿದ್ರೆ ಇಲ್ಲಿ ಬೈತಿದ್ದ."

ನಾನು ಗಾಜಿನ ಗೂಡಿನ ಬಾಗಿಲು ಮುಚ್ಚಿದೆ.

"ಹಾರ್ಲನ್ ಒಂದ್ಸಲ ಅಂದ. ಇಲ್ಲಿ ಸ್ಮಶಾನದ ಥರ ಇದೆ ಲಿಯೋಟಾ, ನಮ್ಮನೇಲಿ ತಲೆ ಮೇಲೆ ಅವಳು ನಡೀತಾ ಇರ್ತಾಳೆ ಅಂತ. ಅಂದ್ಬಿಟ್ಟು ಕಿವಿ ಎಲ್ಲ ಕೆಂಪಾಯ್ತು. ನಾಲ್ಕು ಹೊಡೀತಿದ್ ಹಂಗೇ ಎದ್ ಬಿಡ್ತಿದ್ದ, ಆರ್ವಿಲಾ ಕಾಫಿ ಇಟ್ಟಿರ್ತಾಳೆ ಅಂತ. ನಂದೂ ಇರ್ತಿತ್ತು ಕಾಫಿ. ಒಂದಿನಾನೂ ಕುಡೀಲಿಲ್ಲ."

"ಇದನ್ನ ನಂಗೆ ಆಗ್ಲೇ ಹೇಳೋಕೇನಾಗಿತ್ತೇ ನಿಂಗೆ?"

"ಯಾಕ್ ಹೇಳ್ಲಿ?" ಅಂದಳು. "ನಿನ್ ಮೇಲೆ ಉರ್ಕೊಂಡಿದ್ದೆ. ನೀನು ಪೈ ತಂದ ದಿನ ಇಲ್ಲಿ ಮುಳ್ಳು ಕುಣೀತಲ್ಲ, ಓಡೆಲ್ ಹೋದ್ಮೇಲೆ ಅದೇ ಮೊದ್ಲು. ಈ ಮನೇಲಿ ಯಾರೋ ಇದಾರೆ ಅನ್ನಿಸ್ತು. ಆಮೇಲೆ ನೀನು ಗಾಡೀಲಿ ಹೋಗಿ ಕೂತೆ."

ಅವಳು ನಡುಗುವ ಕೈಗಳನ್ನು ಮೇಜಿನಿಂದ ತೆಗೆದು, ತಗಲದಂತೆ, ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು. ಮುಖವನ್ನು ಮುಳ್ಳಿನ ಮಟ್ಟಕ್ಕೆ ತಂದಳು.

"ಆರ್ವಿಲಾ, ಮೇಲ್ ಹೋಗಿ ಒಂಚೂರು ಓಡಾಡೇ. ಅವತ್ತಿನ ಥರ, ಆ ಕಪಾಟಿಂದ ಈ ಕಪಾಟಿಗೆ. ಶೂ ಬಿಚ್ಬೇಡ."